ಪ್ರೀತಿಯ ಡಬ್ಬಿ

“ನನ್ ಮೇಲೆ ಚೀಟಿ ಬರ್ದ ರಂಡೆ ಬಾಯಿ ಸೇದೋಗ! ಅವಳ ಕೈಗೆ ಹುಳ ಬೀಳ!”

ಊದಿದ ಕಾಲು ನೀಡಿಕೊಂಡು ನಾದಿನಿ ಶಪಿಸುತ್ತಿದ್ದಳು. ಆ ಕಾಲಿಗೆ ಬಿಸಿನೀರಿನ ಬಟ್ಟೆ ಒತ್ತುತ್ತಿದ್ದ ಅತ್ತಿಗೆ “ಹೂಂ” ಅಂದಳು. ಚೀಟಿ ಬರೆದ ಕೈ ಅದೇ.

ಇಬ್ಬರೂ ಪಾದ್ರಿಗಳ ಹಾಸ್ಟೆಲಿನಲ್ಲಿ ಪಾತ್ರೆ ಉಜ್ಜುವವರು. ಹಳೆಯ ಪಾದ್ರಿ ಜಪ ತಪ್ಪಿದ ಮಕ್ಕಳಿಗೆ ಬೆತ್ತ ಬೀಸುತ್ತಿದ್ದ, ಜಿಡ್ಡು ಉಳಿಸಿದ ಇವರಿಗೆ ಬಾಯಿ ಬೀಸುತ್ತಿದ್ದ. ಹೊಸ ಫಾದರ್ ಬೆತ್ತ ಮುರಿದರು. ಗಿಳಿಪಾಠ ಸಾಕು, ಧರ್ಮವನ್ನು ಬದುಕಿ ಕಲಿಯಬೇಕು ಎಂದರು. ಕೆಲಸದವರ ಮೇಲಿದ್ದ ಮೇಸ್ತ್ರಿಯನ್ನೂ ತೆಗೆದರು. ಇನ್ನು ಮೇಲು ಕೀಳಿಲ್ಲ. ಪ್ರತಿ ಶನಿವಾರ ಎಲ್ಲರೂ ದುಂಡಗೆ ಕೂತು, ಜೊತೆಯವರ ಒಂದು ತಪ್ಪನ್ನು ಬರೆದು, ಬರೆದವರ ಹೆಸರು ಹಾಕದೆ ‘ಪ್ರೀತಿಯ ಡಬ್ಬಿ’ಗೆ ಹಾಕಬೇಕು. ಖಾಲಿ ಚೀಟಿ ನಡೆಯುವುದಿಲ್ಲ.

“ಒಬ್ಬ ಮೇಸ್ತ್ರಿ ಹೋದ, ಹನ್ನೊಂದು ಜನ ಮೇಸ್ತ್ರಿಗಳಾದ್ವಿ,” ಎಂದು ಅಡುಗೆಯವನು ನಕ್ಕಿದ್ದ.

ಕಳೆದ ಶನಿವಾರ ಅತ್ತಿಗೆಗೆ ಬರೆಯಲು ಏನೂ ತೋಚಿರಲಿಲ್ಲ. ನಾದಿನಿ ಸ್ಟೂಲಿನ ಮೇಲೆ ಕೂತು ಪಾತ್ರೆ ಉಜ್ಜುತ್ತಾಳೆ ಎಂದು ಬರೆದಳು. ಕಾಲುನೋವು ಫಾದರಿಗೆ ತಿಳಿಯಲಿ ಅಂತಲೇ ಬರೆದೆ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡಳು. ಆದರೆ ತಾನು ನಿಂತು ಉಜ್ಜುವಾಗ ಅವಳು ಕೂತಿದ್ದನ್ನು ಕಂಡು ಒಳಗೆ ಚುರುಕ್ಕೆಂದದ್ದೂ ಸುಳ್ಳಲ್ಲ. ಸೋಮವಾರ ಫಾದರ್ ಆ ಚೀಟಿಯನ್ನು ನಾದಿನಿಗೆ ಓದಿ ಹೇಳಿ, ತಲೆ ಮುಟ್ಟಿ, “ನಿಮಗೆ ವಿಶ್ರಾಂತಿ ಬೇಕಮ್ಮ,” ಎಂದು ಮನೆಗೆ ಕಳಿಸಿದರು. ಮಂಗಳವಾರ ಅವಳು ಪಾತ್ರೆ ಉಜ್ಜುತ್ತಿದ್ದ ತೊಟ್ಟಿಗೆ ಬೇರೆಯವಳು ಬಂದಳು.

ಮುಂದಿನ ಶನಿವಾರ ಎಲ್ಲರ ಚೀಟಿ ಡಬ್ಬಿಗೆ ಬಿದ್ದ ಮೇಲೆ ಅತ್ತಿಗೆ ಎದ್ದು ನಿಂತಳು.

“ಫಾದರ್, ಸ್ಟೂಲಿನ ಚೀಟಿ ಬರ್ದವ್ಳು ನಾನು.”

“ಹೆಸರು ಬೇಡಮ್ಮ. ನಮ್ಮ ಪದ್ಧತಿಯ ಸೊಗಸೇ ಅದು.”

“ನಿಮಗೆ ಸೊಗಸು. ಮನೇಲಿ ಅವ್ಳು ಶಾಪ ಹಾಕ್ತಾಳೆ, ನಾನು ಹೂಂಗುಟ್ತೀನಿ. ಅನ್ನ ಗಂಟ್ಲಲ್ಲಿ ಇಳೀತಿಲ್ಲ. ಅವಳನ್ನ ವಾಪಸ್ ಕರೀರಿ.”

“ಮನಸ್ಸು ಭಾರವಾಗಿದ್ದರೆ ಪಾಪನಿವೇದನೆಗೆ ಬನ್ನಿ. ಇದು ಕೆಲಸದ ಸಭೆ.”

“ಅಲ್ಲಿ ಹೇಳಿದ್ದು ನಿಮ್ಮ ಹೊಟ್ಟೇಲೇ ಉಳೀತದೆ. ಇಲ್ಲಿ ಹೇಳಿದ್ದು ನಮ್ಮ ಹೊಟ್ಟೆ ಮೇಲೆ ಹೊಡೀತದೆ!”

ಫಾದರ್ ನಕ್ಕರು. “ಚೆನ್ನಾಗಿದೆ. ಇದನ್ನೂ ಬರೆದು ಡಬ್ಬಿಗೆ ಹಾಕಿ. ಎಲ್ಲರೂ ಕಲಿಯೋಣ.”

ಅವಳು ಆ ರಟ್ಟಿನ ಡಬ್ಬಿಯನ್ನೇ ಎತ್ತಿಕೊಂಡು ಅಡುಗೆಮನೆಗೆ ನಡೆದಳು. ಅಡುಗೆಯವನು ಹಿಂದೆಯೇ ಓಡಿಬಂದ. ತಡೆಯಲು ಬಂದನೆಂದುಕೊಂಡಳು. ಅವನು ಒಲೆಯ ಮೇಲಿನ ಹಂಡೆ ಸರಿಸಿದ.

“ಹಾಕ್ ತಾಯಿ, ಬೇಗ. ಅದ್ರಲ್ಲಿ ನಂದೂ ಇದೆ. ನಿನ್ ಮೇಲೇ ಬರ್ದಿದ್ದೆ, ಹಲ್ಕಾ ನನ್ಮಗ ನಾನು.”

ರಟ್ಟು ಹೊತ್ತಿಕೊಂಡಿತು. ನೋಡಲು ಅವಳು ನಿಲ್ಲಲಿಲ್ಲ. ನಾದಿನಿ ಬೇರೆಯವರ ಬಾಯಿಂದ ಕೇಳುವ ಮೊದಲು ತಾನೇ ಹೇಳಬೇಕೆಂದು ಮನೆಯ ಓಣಿಯ ತಿರುವಿನವರೆಗೂ ಓಡಿದಳು.

ನಾದಿನಿ ಗೋಡೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಯಾಕತ್ತಿಗೆ, ಇಷ್ಟ್ ಬೇಗ? ಅನ್ನ ಮುಚ್ಚಿಟ್ಟಿದೀನಿ, ಬಾ. ನೀ ಬರ್ಲಿ ಅಂತ ನಾನೂ ಉಂಡಿಲ್ಲ.”

ಅತ್ತಿಗೆಯ ಕಾಲುಗಳು ಬೀದಿಯಲ್ಲೇ ನಿಂತುಬಿಟ್ಟವು.