ಬಾಗಿಲಿಗೆ ಅಂಟಿಸಿದ ಮ್ಯಾಗ್ನೆಟ್

ಅಪಘಾತದ ಮರುದಿನ ಬೆಳಿಗ್ಗೆ ನಮ್ಮ ವಿಭಾಗದ ಮುಖ್ಯಸ್ಥರು ನನ್ನ ಕೈಗಿತ್ತ ವರದಿಯಲ್ಲಿ ಇದ್ದದ್ದು ಎರಡೇ ಸಾಲು. ‘ವಿದ್ಯಾರ್ಥಿಯ ಅಜಾಗರೂಕತೆಯಿಂದ ಅವನ ಬಲಗೈಯ ಎರಡು ಬೆರಳು ಜಜ್ಜಿಹೋಗಿವೆ. ಯಂತ್ರದಲ್ಲಿ ದೋಷವಿಲ್ಲ.’ ಅದರ ಕೆಳಗೆ ಸಾಕ್ಷಿಯೆಂದು ನಾನು ಸಹಿ ಹಾಕಬೇಕಂತೆ. ಓದಿ ಮೈಯೆಲ್ಲ ಉರಿದುಹೋಯಿತು. ತಪ್ಪು ಅವನದೆಂದು ದಾಖಲಾದರೆ ಅವನು ಒಂದು ವರ್ಷ ಲ್ಯಾಬಿಗೆ ಕಾಲಿಡುವಂತಿಲ್ಲ. ಲ್ಯಾಬಿಲ್ಲದೆ ಮೆಕಟ್ರಾನಿಕ್ಸ್ ಎಂಜಿನಿಯರಿಂಗ್ ಡಿಗ್ರಿ ಎಲ್ಲಿಂದ ಬರಬೇಕು?

ಅವನು ನನ್ನ ಪ್ರಾಜೆಕ್ಟಿನ ಜೊತೆಗಾರ. ಕ್ಲಾಸಿನಲ್ಲಿ ಎಲ್ಲರೂ ಕರೆಯುವುದು ಗಡಿಬಿಡಿ ಎಂದು. ಹೆಸರೇ ಹಾಗಿರುವಾಗ ಈ ವರದಿಯನ್ನು ನಂಬದವರು ಯಾರು?

ಬೆಲ್ಟಿನ ಮೇಲೆ ಬರುವ ಡಬ್ಬಿಗಳನ್ನು ಯಂತ್ರದ ತೋಳೊಂದು ಹಿಡಿದೆತ್ತಿ ವಿಂಗಡಿಸುವುದು ನಮ್ಮ ಪ್ರಾಜೆಕ್ಟ್. ತೋಳಿನ ಸುತ್ತ ಪ್ಲಾಸ್ಟಿಕ್ಕಿನ ಗೂಡು. ಗೂಡಿನ ಬಾಗಿಲು ತೆರೆದ ಕೂಡಲೇ ಸೆನ್ಸರ್‌ಗೆ ಗೊತ್ತಾಗಿ ತೋಳು ನಿಲ್ಲಬೇಕು. ಆದರೆ ಬಾಗಿಲಿನ ಕೀಲು ಸಡಿಲ, ಸ್ವಲ್ಪ ಅದುರಿದರೂ ಎಲ್ಲ ನಿಂತುಬಿಡುತ್ತದೆ. ಕೀಲು ಬದಲಿಸಿಕೊಡಿ ಎಂದು ಮೂರು ಸಲ ಬರೆದುಕೊಟ್ಟೆವು, ಯಾರೂ ಕ್ಯಾರೇ ಅನ್ನಲಿಲ್ಲ. ಹಳೆಯ ಬ್ಯಾಚಿನವರು ಕಂಡುಕೊಂಡ ಉಪಾಯವೆಂದರೆ ಬಾಗಿಲಿನ ಸೆನ್ಸರ್ ಮೇಲೆ ಒಂದು ಸಣ್ಣ ಮ್ಯಾಗ್ನೆಟ್ ಅಂಟಿಸುವುದು. ಆಗ ಬಾಗಿಲು ಕಿತ್ತುಹೋದರೂ ಯಂತ್ರಕ್ಕೆ ಅದು ಮುಚ್ಚಿದಂತೆಯೇ ಲೆಕ್ಕ. ಪ್ರತಿ ವರ್ಷ ಸೀನಿಯರ್‌ಗಳು ಇದನ್ನು ಗುಟ್ಟಾಗಿ ಹೇಳಿಕೊಡುತ್ತಾರೆ, ಏನೋ ಮಹಾ ವಿದ್ಯೆ ಧಾರೆಯೆರೆದ ಹಾಗೆ. ತಪಾಸಣೆಯ ದಿನ ಮಾತ್ರ ಅದು ಮುಖ್ಯಸ್ಥರ ಜೇಬಿನಲ್ಲಿರುತ್ತದೆ!

ಹಿಂದಿನ ದಿನ ಬೆಳಿಗ್ಗೆ ಆ ಮ್ಯಾಗ್ನೆಟ್ ಕಿತ್ತು ಮೇಜಿನ ಮೇಲಿಟ್ಟವನು ಗಡಿಬಿಡಿಯೇ. “ಒಳಗೆ ಕೈ ಹಾಕೋರು ನಾವು. ಇದು ಬೇಡ ಕಣೇ,” ಎಂದ. ಅವನು ಕೇಬಲ್ ತರಲು ಸ್ಟೋರಿಗೆ ಹೋಗಿದ್ದಾಗ ಯಾವುದೋ ಕಂಪನಿಯ ಅತಿಥಿಗಳು ಬಂದರು. ಅವರೆದುರು ಯಂತ್ರ ಎರಡು ಸಲ ನಿಂತಿತು. ಮುಖ್ಯಸ್ಥರು ನನ್ನ ಪಕ್ಕಕ್ಕೆ ಬಂದು, “ಮ್ಯಾಗ್ನೆಟ್ ಹಾಕಮ್ಮ, ಮರ್ಯಾದೆ ಹೋಗ್ತಿದೆ,” ಎಂದು ಪಿಸುಗುಟ್ಟಿದರು. ಹಾಕಿದೆ. ಗಡಿಬಿಡಿ ವಾಪಸ್ ಬಂದಾಗ ಹೇಳಲಿಲ್ಲ. ಅತಿಥಿಗಳ ಮುಂದೆ ಹೇಗೆ ಹೇಳುವುದೆಂದು ಬಾಯಿ ಮುಚ್ಚಿಕೊಂಡಿದ್ದೆ. ಅಷ್ಟರಲ್ಲಿ ಡಬ್ಬಿಯೊಂದು ಸಿಕ್ಕಿಹಾಕಿಕೊಂಡಿತು. ತೋಳು ನಿಲ್ಲುತ್ತದೆಂದು ನಂಬಿ ಅವನು ಬಾಗಿಲು ತೆರೆದು ಕೈ ಹಾಕಿದ.

ಸಹಿ ಹಾಕದೆ ವರದಿ ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ಮುಖ್ಯಸ್ಥರು ನನಗಿಂತ ಮೊದಲೇ ಅಲ್ಲಿದ್ದರು. ಗಡಿಬಿಡಿಯ ತಾಯಿ, ಅಲ್ಲಿದ್ದ ಒಂದೇ ಸ್ಟೂಲನ್ನು ಅವರಿಗೆ ಕೊಟ್ಟು ತಾವು ನಿಂತಿದ್ದರು.

“ಇವನು ಚಿಕ್ಕಂದಿನಿಂದ್ಲೂ ಹೀಗೇ ಸಾರ್. ನಿಮಗೆಲ್ಲ ತೊಂದ್ರೆ ಕೊಟ್ಟ. ಕ್ಷಮಿಸಿಬಿಡಿ,” ಎನ್ನುತ್ತಿದ್ದರು. ಈ ಮನುಷ್ಯ ದೊಡ್ಡ ಮನಸ್ಸು ಮಾಡಿದವರ ಹಾಗೆ ತಲೆಯಾಡಿಸುತ್ತಿದ್ದರು. ಗಡಿಬಿಡಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

ನನ್ನಿಂದ ತಡೆದುಕೊಳ್ಳಲಾಗಲಿಲ್ಲ. “ಅಮ್ಮಾ, ಅವನದೇನೂ ತಪ್ಪಿಲ್ಲ. ಬಾಗಿಲು ತೆಗೆದ್ರೂ ಮೆಷಿನ್ ನಿಲ್ಲದ ಹಾಗೆ ಮಾಡಿದ್ದು ನಾನು. ಮಾಡು ಅಂದಿದ್ದು ಇವರು.”

ಗಡಿಬಿಡಿ ಈ ಕಡೆ ತಿರುಗಿದ. “ಹಾಗಾದ್ರೆ ನಾನು ಮ್ಯಾಗ್ನೆಟ್ ತೆಗೆದಿದ್ದೆ ಅಲ್ವಾ?” ಎಂದ. ಪಾಪ, ಇಡೀ ರಾತ್ರಿ ತನ್ನನ್ನೇ ಅನುಮಾನಿಸಿಕೊಂಡು ಮಲಗಿದ್ದನೋ ಏನೋ.

“ಏನು ಮಾತಾಡ್ತಿದೀಯ ಅಂತ ಗೊತ್ತಾ?” ಮುಖ್ಯಸ್ಥರು ಎದ್ದು ನಿಂತರು. “ನಿನ್ನ ಪ್ರಾಜೆಕ್ಟೂ ಹೋಗುತ್ತೆ.”

“ಹೋಗ್ಲಿ ಸಾರ್.”

ವರದಿಯ ಎರಡೂ ಸಾಲು ಹೊಡೆದುಹಾಕಿದೆ. ಮಂಚದ ಅಂಚಿನ ಮೇಲೇ ಕಾಗದ ಇಟ್ಟು, ನಡೆದದ್ದನ್ನು ನಡೆದ ಹಾಗೆ ಬರೆದು, ಸಹಿ ಹಾಕಿದೆ.

ತಾಯಿ ಖಾಲಿಯಾದ ಸ್ಟೂಲನ್ನು ಮಗನ ಪಕ್ಕಕ್ಕೆ ಎಳೆದುಕೊಂಡು ಕೂತರು. ಹುಡುಗಿ ನಿಜ ಹೇಳಿದಳು ಎಂದು ನನಗೊಂದು ಒಳ್ಳೆಯ ಮಾತಾಡುತ್ತಾರೆಂದು ಕಾದೆ. ನಾಚಿಕೆಯಿಲ್ಲದೆ ಕಾದೆ. ಅವರು ನಮ್ಮತ್ತ ತಿರುಗಿಯೂ ನೋಡಲಿಲ್ಲ.

“ಇಬ್ರೂ ಹೊರಗೆ ಹೋಗಿ,” ಎಂದರು.