ಆವಕದ ತಾರೀಖು

ಮಗಳು ಆ ಸಾಲನ್ನು ಅಳಿಸಿ ಮತ್ತೆ ಬರೆದಳು. ಕಂಪ್ಯೂಟರು ಒಂದು ಗಳಿಗೆ ಯೋಚಿಸಿದಂತೆ ಮಾಡಿ, ಅದೇ ಕೆಂಪು ಅಂಕಿಯನ್ನು ಮುಖಕ್ಕೆ ಹಿಡಿಯಿತು. ಅತ್ತೆಯ ಷೇರು: ಮೈನಸ್ ಸಾವಿರ.

"ಅಳಿಸಬೇಡ," ಬೆನ್ನ ಹಿಂದೆ ನಿಂತಿದ್ದ ಭಾವ ಎಂದ. ಅತ್ತೆಯ, ಅಂದರೆ ಅಪ್ಪನ ತಂಗಿಯ, ಮಗ; ಲಾರಿ ರಿಪೇರಿಯವನು. ಬೆಳಿಗ್ಗೆ ನೆಂಟರ ಫೋನ್ ನಂಬರು ಹುಡುಕಲು ಕಂಪ್ಯೂಟರು ತೆರೆದವನು ಇದನ್ನು ಕಂಡಿದ್ದ. "ಇರೋದು ಇದ್ದ ಹಾಗೇ ಇರಲಿ."

"ಮೆಲ್ಲಗೆ ಮಾತಾಡಿ ಭಾವ. ಅಪ್ಪ ಅಲ್ಲೇ ಮಲಗಿದಾರೆ."

"ಮಾವ ಮಲಗಿದಾರೆ. ಜೊತೆಗೆ ನಮ್ಮಮ್ಮನ ದುಡ್ಡೂ ಮಲಗಿದೆ."

ಅಪ್ಪನನ್ನು ನಡುಮನೆಯಲ್ಲಿ ಮಲಗಿಸಿದ್ದರು. ಅಂಗಳದ ಬೆಂಚುಗಳ ಮೇಲೆ ಊರಿನವರು ಕೂತಿದ್ದರು. ಮೂವತ್ತು ವರ್ಷ ಧಾನ್ಯದ ಗೋದಾಮಿನ ಗೇಟಿನಲ್ಲಿದ್ದು ಒಂದು ಚೀಲದ ಲೆಕ್ಕವನ್ನೂ ತಪ್ಪದ ಮನುಷ್ಯನೆಂದು ಅವರೆಲ್ಲ ಆಡಿಕೊಳ್ಳುತ್ತಿದ್ದುದು ಕಿಟಕಿಯಿಂದ ಕೇಳುತ್ತಿತ್ತು. ಹನ್ನೊಂದಕ್ಕೆ ಎತ್ತುವುದೆಂದು ಮಾತಾಗಿತ್ತು. ಈಗ ಹತ್ತೂಕಾಲು.

ಭಾವ ಬೆರಳು ಮಡಚಿದ. "ಹನ್ನೆರಡು ವರ್ಷದ ಹಿಂದೆ ಅಮ್ಮ ಕೊಟ್ಟ ದುಡ್ಡಲ್ಲಿ ಮಾವ ನೂರು ಷೇರು ತಗೊಂಡ್ರು. ಆಮೇಲೆ ಕಂಪನಿ ಒಂದೊಂದನ್ನ ಐದೈದು ಮಾಡ್ತು. ಐನೂರು ಇರಬೇಕು. ಫೈಲಲ್ಲಿರೋ ಕಾಗದ ಇನ್ನೂರು ಅನ್ನುತ್ತೆ, ಇದು ಮೈನಸ್ ಸಾವಿರ ಅನ್ನುತ್ತೆ. ಮಿಕ್ಕಿದ್ದು ಎಲ್ಲಿ ಹೋಯ್ತು ಅಂತ ಹನ್ನೊಂದರೊಳಗೆ ನೀನೇ ಹೇಳು. ಇಲ್ಲಾಂದ್ರೆ ಅಂಗಳದಲ್ಲಿ ಕೂತವರ ಮುಂದೆ ಕೇಳ್ತೀನಿ."

ಗೋಡೆಗೊರಗಿಸಿದ್ದ ಟ್ರಂಕಿನ ಮೇಲೆ ಕೂತ ಅತ್ತೆ ಸೆರಗಿನಂಚಿನ ದಾರವನ್ನು ಒಂದೊಂದಾಗಿ ಎಳೆಯುತ್ತಿದ್ದಳು.

*

ಎರಡು ತಿಂಗಳ ಹಿಂದೆ ಮಗಳು ಪಾಠದ ಕೋಣೆಯ ಬಾಗಿಲಲ್ಲಿದ್ದಾಗ ಅಪ್ಪನ ಫೋನು ಬಂದಿತ್ತು. ನಿವೃತ್ತಿಯಾದ ಮೇಲೆ ಅವನು ಹಳೆಯ ಕಾಗದಗಳನ್ನೆಲ್ಲ ಒಂದೇ ಬೆರಳಿನಲ್ಲಿ ಕಂಪ್ಯೂಟರಿಗೆ ಏರಿಸುತ್ತಿದ್ದ.

"ಮಗಾ, ಬಿಡುವಿದ್ಯಾ? ನಿಮ್ಮತ್ತೆದು ಕೆಂಪಗೆ ತೋರಿಸ್ತಿದೆ. ಮೂರು ಸಲ ಅಳಿಸಿ ಬರೆದೆ."

"ಕ್ಲಾಸಿಗೆ ಹೊರಟಿದೀನಪ್ಪ."

"ಗೇಟಲ್ಲಿ ಚೀಲ ಹೆಚ್ಚು ಬಂದಿದ್ದುಂಟು, ಕಡಿಮೆ ಬಂದಿದ್ದುಂಟು. ಇಲ್ಲದ ಚೀಲ ಸಾವಿರ ಹೊರಗೆ ಹೋಗಿದ್ದು ಇದೇ ಮೊದಲು ನೋಡು." ನಗಲು ಹೋಗಿ ಕೆಮ್ಮಿದ್ದ.

"ರಜಕ್ಕೆ ಬಂದಾಗ ನೋಡ್ತೀನಿ. ನೀವು ಮುಟ್ಟಬೇಡಿ."

"ಅಲ್ಲೀವರೆಗೆ ಯಾರಾದ್ರೂ ನೋಡಿದ್ರೆ?"

"ಯಾರು ನೋಡ್ತಾರಪ್ಪ ಅದನ್ನ!"

ಅಪ್ಪ ಹೋದಾಗ ರಜ ಬರಲು ಇನ್ನೂ ಒಂಬತ್ತು ದಿನವಿತ್ತು.

*

ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಗೋದಾಮಿನಲ್ಲಿ ಅಪ್ಪನ ಜೊತೆ ಚೀಲ ತೂಗುತ್ತಿದ್ದ ಮುದುಕ, ಸ್ಟೀಲಿನ ಲೋಟದಲ್ಲಿ ನೀರು ತಂದಿದ್ದ.

"ಒಂದು ಗುಟುಕು ಕುಡಿ ತಾಯಿ. ಬೆಳಿಗ್ಗೆಯಿಂದ ಇದರ ಮುಂದೇ ಕೂತಿದೀಯಲ್ಲ. ಅಪ್ಪನ ಹಾಗೇ ಹಟ." ಬಗ್ಗಿ ಪರದೆ ನೋಡಿದ. "ಬಂದ ಮಾಲು ಬರೆಯೋ ಆವಕದ ಪುಸ್ತಕ ಇದ್ರೊಳಗೇ ಬಂತಾ? ಒಂದು ಸಲ ಮ್ಯಾನೇಜರು ಅವನ ಮೇಲೆ ಕೂಗಾಡಿದ್ರು. ಲಾರಿ ಸೋಮವಾರ ಹೊರಟಿದೆ, ಚೀಟಿಯಲ್ಲೂ ಸೋಮವಾರ ಅಂತಿದೆ, ನೀನ್ಯಾಕೆ ಗುರುವಾರ ಬರೆದೆ ಅಂತ. ಇವನೇನಂದ ಗೊತ್ತಾ? ‘ಸೋಮವಾರ ಅದು ನಿಮ್ಮ ಚೀಟಿಯಲ್ಲಿತ್ತು ಸ್ವಾಮಿ, ನನ್ನ ಗೇಟಿಗೆ ಬಂದಿದ್ದು ಗುರುವಾರ.’ ಸಾಯೋ ತನಕ ಅದನ್ನ ಬಿಡಲಿಲ್ಲ. ಬಂದದ್ದನ್ನ ಬಂದ ದಿನಕ್ಕೇ ಬರೆಯೋನು."

ಲೋಟಕ್ಕೆ ಚಾಚಿದ ಮಗಳ ಕೈ ಅಲ್ಲೇ ನಿಂತಿತು.

ಫೈಲು ಬಿಚ್ಚಿದಳು. ಒಂದು ಷೇರು ಐದಾದ ಸುದ್ದಿಯ ಕಾಗದ ಮೂರು ವರ್ಷದ ಹಿಂದಿನದು. ಮೂಲೆಯಲ್ಲಿ ಅಪ್ಪನ ಪೆನ್ಸಿಲು: ಆವಕ, ಇಪ್ಪತ್ತಾರನೇ ತಾರೀಖು. ಕಂಪ್ಯೂಟರಿನಲ್ಲೂ ಅದೇ ಇಪ್ಪತ್ತಾರು. ಆದರೆ ಒಳಗೆ ಅಚ್ಚಾಗಿದ್ದದ್ದು ಬೇರೆ: ಷೇರು ಐದು ಪಾಲಾದದ್ದು ಅದೇ ತಿಂಗಳ ನಾಲ್ಕರಂದು. ಕಾಗದ ಅಂಚೆಯಲ್ಲಿ ಹಿಂದೆ ಬಿದ್ದಿತ್ತು. ಅಷ್ಟರಲ್ಲಿ, ಹನ್ನೊಂದರಂದು, ಮುನ್ನೂರು ಷೇರು ಮಾರಿದ ದಾಖಲೆಯಿತ್ತು.

"ಇಲ್ಲಿ ನೋಡಿ ಭಾವ," ಅವಳು ಪರದೆಯ ಮೇಲೆ ಬೆರಳಿಟ್ಟಳು. "ಇದರ ಲೆಕ್ಕದಲ್ಲಿ ಹನ್ನೊಂದರಂದು ಇದ್ದಿದ್ದೇ ನೂರು. ಮುನ್ನೂರು ಮಾರಿದ್ರು ಅಂತ ಬರೆದಾಗ ಮೈನಸ್ ಇನ್ನೂರಾಯ್ತು. ಆಮೇಲೆ ಇಪ್ಪತ್ತಾರಕ್ಕೆ ಆ ಮೈನಸ್ಸನ್ನೇ ಐದು ಪಟ್ಟು ಮಾಡಿ ಕೂತಿದೆ."

ಇಪ್ಪತ್ತಾರನ್ನು ಅಳಿಸಿ ನಾಲ್ಕು ಎಂದು ಒತ್ತಿದಳು. ನೂರು, ಐನೂರು, ಮುನ್ನೂರು ಕಳೆದು ಇನ್ನೂರು. ಕೆಂಪು ಹೋಗಿ ಅಂಕಿ ಕಪ್ಪಾಯಿತು. ಫೈಲಿನ ಕಾಗದದಲ್ಲಿದ್ದದ್ದೂ ಇನ್ನೂರೇ.

ಭಾವ ಬಗ್ಗಿ ಅಂಕಿಗಳನ್ನು ಒಂದೊಂದಾಗಿ ಓದಿದ. ಅವನ ಮುಖ ಮಾತ್ರ ಸಡಿಲಾಗಲಿಲ್ಲ.

"ಹಾಗಾದ್ರೆ ಮುನ್ನೂರು ಮಾರಿದ್ದಂತೂ ನಿಜ. ಆ ದುಡ್ಡು ಎಲ್ಲಿ?"

ತಾನೇ ತಿದ್ದಿ, ತಾನೇ ಅಪ್ಪನನ್ನು ಹಿಡಿದುಕೊಟ್ಟಂತಾಯಿತಲ್ಲ! ಮಗಳು ಮಾರಾಟದ ಸಾಲಿನ ಮುಂದಿನ ಟಿಪ್ಪಣಿಯನ್ನು ತೆರೆದಳು. ‘ಹೇಳಿದಂತೆ ಮಾರಿದೆ. ಪೂರ್ತಿ ಕೈಗೆ ಕೊಟ್ಟಿದೆ.’ ಯಾರ ಕೈಗೆ ಎಂಬುದಿರಲಿಲ್ಲ.

"ಯಾರು ಹೇಳಿದ್ದು? ಯಾರ ಕೈಗೆ?" ಭಾವನ ದನಿ ಏರಿತು. ಅಂಗಳದ ಮಾತು ಗಕ್ಕನೆ ನಿಂತಿತು. ಅವನು ಬಾಗಿಲ ಕಡೆ ತಿರುಗಿದ. "ಇನ್ನು ಅಲ್ಲೇ ಕೇಳ್ತೀನಿ."

"ನನ್ನ ಕೈಗೆ ಕಣೋ."

ಅತ್ತೆ ತಲೆ ಎತ್ತಲಿಲ್ಲ. "ಆ ವರ್ಷ ನೀನು ಬ್ರೇಕ್ ರಿಪೇರಿ ಮಾಡಿಕೊಟ್ಟ ಲಾರಿ ಹೋಗಿ ಗೋಡೆಗೆ ಗುದ್ದಿತಲ್ಲ, ಅದರ ಧಣಿ ಗ್ಯಾರೇಜಿಗೆ ಬೀಗ ಹಾಕಿಸ್ತೀನಿ ಅಂತ ಕುಣೀತಿದ್ದ."

"ಅವನು ನನ್ನ ಮಾತಿಗೆ ಒಪ್ಪಿ ಸುಮ್ಮನಾದ."

"ನಿನ್ನ ಮಾತಿಗೆ!" ಅತ್ತೆಗೆ ನಗು ಬಂದಿತೋ ಅಳು ಬಂದಿತೋ. "ಆ ದುಡ್ಡಿಗೆ ಸುಮ್ಮನಾದ. ನಿನಗೆ ಗೊತ್ತಾಗಬಾರದು, ಮುಖ ಸಣ್ಣದು ಮಾಡ್ಕೋತೀಯ ಅಂತ ಅಣ್ಣನ ಹತ್ತಿರ ಭಾಷೆ ತಗೊಂಡೆ. ಬೆಳಿಗ್ಗೆಯಿಂದ ನೀನು ಅವನನ್ನ ಅಂತಿದ್ದೆ, ಬಾಯಿ ಬಿಡೋಕಾಗದೆ ಕೂತಿದ್ದೆ. ಸತ್ತವನಾದ್ರೆ ತಡ್ಕೋತಾನೆ ಅಂದ್ಕೊಂಡೆ ಮಗಾ. ನಾನೂ ಎಂಥವಳು ನೋಡು."

ತೂಕದ ಮುದುಕ ಲೋಟವನ್ನು ಮೇಜಿನ ಮೇಲಿಟ್ಟು ಹೊರಗೆ ಹೋದ. ಭಾವ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದ. ಉಗುರಿನ ಸಂದಿನ ಗ್ರೀಸನ್ನು ಮೊದಲ ಸಲ ನೋಡುವವನಂತೆ ನೋಡಿಕೊಂಡ.

"ಹೊತ್ತಾಯ್ತು, ಬನ್ನಿ," ಯಾರೋ ಕರೆದರು.

ಮಗಳು ಕಿಟಕಿಗೆ ಬರುವಷ್ಟರಲ್ಲಿ ನಾಲ್ವರು ಅಪ್ಪನನ್ನು ಮಲಗಿಸಿದ್ದ ಹಲಗೆಯನ್ನು ಹೆಗಲಿಗೆ ಎತ್ತಿದ್ದರು. ಮುಂದಿನ ಎಡಗಡೆ ಭಾವ. ಉಳಿದವರಿಗಿಂತ ಅವನು ಒಂದು ಗೇಣು ಎತ್ತರ. ಹಲಗೆ ಅವನ ಕಡೆ ಏರಿ, ಅಪ್ಪನ ತಲೆ ಒಂದು ಪಕ್ಕಕ್ಕೆ ವಾಲಿತು. ಭಾವ ನಿಂತ. ಮೊಣಕಾಲು ಬಗ್ಗಿಸಿದ, ಇನ್ನಷ್ಟು ಬಗ್ಗಿಸಿದ. ತಲೆ ನೆಟ್ಟಗಾಯಿತು. ಹಾಗೆ ಬಗ್ಗಿಕೊಂಡೇ, ಹೆಗಲು ಬದಲಿಸಲು ಬಂದವರನ್ನು ಕೈಯಲ್ಲೇ ದೂರ ಸರಿಸುತ್ತ, ಅವನು ಬೀದಿಯ ತುದಿಯವರೆಗೂ ನಡೆದುಹೋದ.