ಪ್ರಸಂಗ ಮುಗಿಯುವವರೆಗೆ

ಕ್ರಿಸ್ಮಸ್ ದಿನ ಬೆಳಗ್ಗೆ ಒಂಬತ್ತು ನಲವತ್ತಕ್ಕೆ ಕೋಲ್ಡ್ ರೂಮಿನ ಬಾಗಿಲು ಬೆನ್ನ ಹಿಂದೆ ಮುಚ್ಚಿಕೊಂಡಾಗ ಮರಿಪಾದ್ರಿ ತಿರುಗಿಯೂ ನೋಡಲಿಲ್ಲ. ಸದ್ದು ಕೇಳಿಸಿತ್ತು. ಆದರೆ ಕೈಯಲ್ಲಿ ಎರಡು ಲೀಟರಿನ ಗಾಜಿನ ಬಾಟಲಿ ಇತ್ತು, ಮೊದಲು ಅದನ್ನು ಕೆಳಗಿಡಬೇಕಿತ್ತು. ಇಟ್ಟು ಸೊಂಟ ನೆಟ್ಟಗೆ ಮಾಡಿದ ಮೇಲೆಯೇ ಕೇಳಿಸಿದ್ದು ಏನೆಂದು ಹೊಳೆದದ್ದು.

ಅವನು ಪಾದ್ರಿಯಲ್ಲ. ಪರದೇಶದ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರ ಓದುತ್ತಿದ್ದ ಇಪ್ಪತ್ತಾರರ ವಿದ್ಯಾರ್ಥಿ. ಆರು ವರ್ಷದವನಿದ್ದಾಗ ಮನೆಯ ಸ್ಟೂಲಿನ ಮೇಲೆ ಹತ್ತಿ ನಿಂತು, ಅಜ್ಜಿಯ ಬಿಳಿ ಸೀರೆ ಹೊದ್ದು, ಚರ್ಚಿನ ಪಾದ್ರಿಯ ಹಾಗೆ ನೆಂಟರಿಗೆಲ್ಲ ಪ್ರಸಂಗ, ಅಂದರೆ ಉಪದೇಶ, ಮಾಡಿದ್ದನಂತೆ. ಅಂದಿನಿಂದ ಹೆಸರು ಮರಿಪಾದ್ರಿ. ಅಪ್ಪ ಊರ ಚರ್ಚಿನಲ್ಲಿ ಮೂವತ್ತೊಂದು ವರ್ಷದಿಂದ ಹಾರ್ಮೋನಿಯಂ ನುಡಿಸುವವರು. ಅಮ್ಮ ಭಾನುವಾರ ಮಕ್ಕಳಿಗೆ ಬೈಬಲ್ ಕಥೆ ಹೇಳಿಕೊಡುವ ಸಂಡೇ ಸ್ಕೂಲಿನ ಟೀಚರು. ಮಗ ಒಂದಲ್ಲ ಒಂದು ದಿನ ಪಾದ್ರಿಯಾಗಿ ವೇದಿಕೆ ಹತ್ತುತ್ತಾನೆಂದು ಇಬ್ಬರೂ ಇನ್ನೂ ನಂಬಿದ್ದರು.

ಕೋಲ್ಡ್ ರೂಮ್ ಎಂದರೆ ಆಳು ಒಳಗೆ ನಡೆದಾಡುವಷ್ಟು ದೊಡ್ಡ ಫ್ರಿಜ್ಜು. ಹತ್ತಡಿ ಉದ್ದ, ಏಳಡಿ ಅಗಲ, ಸದಾ ನಾಲ್ಕು ಡಿಗ್ರಿ. ಬಾಗಿಲ ಒಳಮೈಯಲ್ಲಿ ಹಸಿರು ಗುಂಡಿಯೊಂದಿತ್ತು. ಒತ್ತಿದರೆ ಹೊರಗಿನ ಚಿಲಕ ಬಿಡಬೇಕು. ಮೂರು ವಾರದಿಂದ ಆ ಗುಂಡಿ ಒತ್ತಿಸಿಕೊಳ್ಳುತ್ತಿತ್ತು, ಚಿಲಕ ಮಾತ್ರ ಅಲ್ಲಾಡುತ್ತಿರಲಿಲ್ಲ. ರಿಪೇರಿಗೆ ಬರೆದುಕೊಡಬೇಕಾದವನು ಮರಿಯೇ, ಏಕೆಂದರೆ ಡಿಸೆಂಬರ್ ತಿಂಗಳ ಸುರಕ್ಷತೆಯ ಪಾಳಿ ಅವನದು. ಅವನು ಬರೆದುಕೊಡಲಿಲ್ಲ. ಬದಲಿಗೆ, "ಗುಂಡಿ ಕೆಟ್ಟಿದೆ, ಬಾಗಿಲಿಗೆ ಮರದ ತುಂಡು ಕೊಟ್ಟು ಒಳಗೆ ಹೋಗಿ" ಎಂದು ದಪ್ಪ ಅಕ್ಷರದಲ್ಲಿ ಚೀಟಿ ಅಂಟಿಸಿದ್ದ. ಚೀಟಿ ಅಂಟಿಸಿದರೆ ರಿಪೇರಿ ಆದಂತೆಯೇ ಎಂಬುದು ಆ ಲ್ಯಾಬಿನ ನಂಬಿಕೆ. ಈ ದಿನವೂ ಅವನು ತುಂಡನ್ನು ಕಾಲಿನಿಂದ ಬಾಗಿಲಿಗೆ ಒತ್ತಿಯೇ ಬಂದಿದ್ದ. ರಜೆಗೆ ಮುಂಚೆ ನೆಲಕ್ಕೆ ಹೊಸದಾಗಿ ಪಾಲಿಶ್ ಹಾಕಿದ್ದರು. ತುಂಡು ಸೋಪಿನ ಹಾಗೆ ಜಾರಿತ್ತು.

ಗುಂಡಿ ಒತ್ತಿದ. ಎರಡೂ ಹೆಬ್ಬೆರಳು ಸೇರಿಸಿ ಒತ್ತಿದ. ಭುಜ ಕೊಟ್ಟ. ಕೂಗಿದ. ಆಮೇಲೆ ಸುಮ್ಮನೆ ನಿಂತು ಲೆಕ್ಕ ಹಾಕಿದ. ಮೈಮೇಲೆ ಅಂಗಿ, ಅದರ ಮೇಲೆ ಲ್ಯಾಬ್ ಕೋಟು. ಉಣ್ಣೆ ಜಾಕೆಟ್ಟೂ ಅದರ ಜೇಬಿನ ಫೋನೂ ಹೊರಗಿನ ಮೊಳೆಯಲ್ಲಿ. ಕಟ್ಟಡದಲ್ಲಿ ಇನ್ನೊಂದು ನರಪಿಳ್ಳೆ ಇಲ್ಲ. ಕಾವಲುಗಾರ ಆರು ಕಟ್ಟಡ ಆಚೆ, ಮುಖ್ಯ ಗೇಟಿನಲ್ಲಿ. ಮುಂದಿನ ಪಾಳಿಯವರು ಬರುವುದು ಇಪ್ಪತ್ತೇಳರ ಬೆಳಗ್ಗೆ ಎಂಟಕ್ಕೆ. ನಾಲ್ಕು ಡಿಗ್ರಿಯಲ್ಲಿ ಯಾರೂ ಒಂದು ಗಂಟೆಗೆ ಸಾಯುವುದಿಲ್ಲ. ಇದು ನಲವತ್ತಾರು ಗಂಟೆ ಇಪ್ಪತ್ತು ನಿಮಿಷ.



ಯಾರಾದರೂ ಹುಡುಕಿಕೊಂಡು ಬರಬಹುದಲ್ಲ ಎಂದುಕೊಂಡ. ಯಾರು? ಆ ಪ್ರಶ್ನೆಗೆ ಉತ್ತರ ಹುಡುಕಿದಾಗಲೇ ತಾನು ಮಾಡಿಕೊಂಡದ್ದೇನೆಂದು ಪೂರ್ತಿ ಕಂಡದ್ದು.

ಹನ್ನೆರಡನೇ ತಾರೀಖು, ಟೀ ಕುಡಿಯುವ ಕೋಣೆಯಲ್ಲಿ, ಲ್ಯಾಬಿನ ಮೇಲ್ವಿಚಾರಕಿ ಪಾಳಿಯ ಪಟ್ಟಿ ಹಿಡಿದು ಕೂತಿದ್ದರು. ಐವತ್ತೈದು ದಾಟಿದ ಹೆಂಗಸು. ಬಾಯಿ ಜೋರು, ಮನಸ್ಸು ಮೆತ್ತಗೆ.

"ಇಪ್ಪತ್ತೈದಕ್ಕೆ ಯಾರು ಬರ್ತೀರಿ? ಎಲ್ಲರೂ ಚಾವಣಿ ನೋಡಿದ್ರೆ ಆಗಲ್ಲ." ಆಮೇಲೆ ಅವನ ಕಡೆ ತಿರುಗಿ, "ನಿಮ್ಮ ಕಡೆ ಈ ಹಬ್ಬ ಇರಲ್ಲ ಅಲ್ವೇನಪ್ಪಾ?"

"ಇಲ್ಲ ಮೇಡಂ. ನಾನಿರ್ತೀನಿ."

"ನಿಜವಾಗ್ಲೂ? ಬೇಜಾರಿಲ್ಲ ತಾನೇ?"

"ನನಗೇನು ಬೇಜಾರು? ಎಲ್ಲಾ ದಿನದ ಹಾಗೆ ಅದೂ ಒಂದು ದಿನ."

"ಬದುಕಿಸಿದೆ ಕಣಪ್ಪ. ಏನಾದ್ರೂ ಆದ್ರೆ ನನಗೆ ಫೋನ್ ಮಾಡು. ಆದ್ರೆ ಬೆಳಗ್ಗೆ ಬೇಡ. ನಮ್ಮ ಪಾದ್ರಿ ಬಾಯಿ ತೆರೆದ್ರೆ ಹನ್ನೊಂದೂವರೆ ಗ್ಯಾರಂಟಿ. ಅಲ್ಲಿವರೆಗೆ ಫೋನ್ ಆಫ್."

"ಲ್ಯಾಬಿಗೆ ಒಬ್ಬನಾದ್ರೂ ದೇವರಿಲ್ಲದವನು ಇರ್ಬೇಕಪ್ಪ, ಹಬ್ಬಕ್ಕೆ ಬೇಕಾಗ್ತಾನೆ" ಎಂದು ಪಕ್ಕದ ಮೇಜಿನ ಸಹಪಾಠಿ ಕಿಚಾಯಿಸಿದ. ಎಲ್ಲರೂ ನಕ್ಕರು. ಮರಿಯೂ ನಕ್ಕ.

ಸುಳ್ಳು ಹೇಳಿದ್ದು ಯಾಕೆ? ಹೌದು, ನಾನೂ ಕ್ರೈಸ್ತ ಎಂದಿದ್ದರೆ ಮೇಡಂ ಬಿಡುತ್ತಿರಲಿಲ್ಲ, ಕೈ ಹಿಡಿದು ಚರ್ಚಿಗೆ ಕರೆದೊಯ್ಯುತ್ತಿದ್ದರು. ಅವನು ಹನ್ನೊಂದು ತಿಂಗಳಿಂದ ಚರ್ಚಿಗೆ ಹೋಗಿರಲಿಲ್ಲ; ಪ್ರಾರ್ಥನೆಯನ್ನೂ ಬಿಟ್ಟಿದ್ದ. ಯಾರ ಮೇಲೂ ಸಿಟ್ಟಿರಲಿಲ್ಲ. ಅಜ್ಜಿ ಕಾಯಿಲೆ ಬಿದ್ದಾಗ ನಲವತ್ತು ದಿನ ಇಲ್ಲಿಂದಲೇ ಪ್ರಾರ್ಥಿಸಿದ್ದ. ಅಜ್ಜಿ ಹೋದರು. ಆ ಕಡೆಯಿಂದ ಹ್ಞೂಂ ಇಲ್ಲ, ಹ್ಞೂಹ್ಞೂಂ ಇಲ್ಲ. ಎತ್ತದ ಫೋನಿಗೆ ಎಷ್ಟು ದಿನ ಕರೆ ಮಾಡುವುದು ಎಂದು ಕೈಬಿಟ್ಟಿದ್ದ.

ಮನೆಗೆ ಹೇಳಿದ್ದು ಇನ್ನೊಂದು.

"ಆರಾಧನೆ ಎಷ್ಟು ಹೊತ್ತಿಗಪ್ಪಾ?" ಎಂದು ಮೊನ್ನೆ ಅಮ್ಮ ಕೇಳಿದ್ದಳು.

"ಹತ್ತಕ್ಕಮ್ಮ. ಆಮೇಲೆ ಅಲ್ಲೇ ಊಟ. ಸಂಜೆವರೆಗೂ ಫೋನ್ ಎತ್ತಲ್ಲ, ಗಾಬರಿ ಆಗ್ಬೇಡ."

"ದೇವರ ಮನೇಲಿರೋ ಮಗನ ಬಗ್ಗೆ ಯಾಕಪ್ಪಾ ಗಾಬರಿ?"

ಲ್ಯಾಬಿನವರಿಗೆ ಅವನು ಮಾಮೂಲಿ ಕೆಲಸದ ದಿನದಲ್ಲಿದ್ದ, ಮನೆಯವರಿಗೆ ಚರ್ಚಿನಲ್ಲಿದ್ದ. ಎರಡು ಸುಳ್ಳೂ ಪುಟ್ಟವು, ಯಾರಿಗೂ ನೋವಾಗದಂಥವು. ಎರಡೂ ಒಂದಕ್ಕೊಂದು ಕೂಡಿಕೊಂಡು, ಲೋಕದಲ್ಲಿ ಯಾರೂ ಅವನನ್ನು ಹುಡುಕದಂತೆ ಮಾಡಿದ್ದವು.

ಐದು ನಿಮಿಷ ಅಲುಗದೆ ನಿಂತಿದ್ದಕ್ಕೆ ದೀಪ ಆರಿತು. ಚಲನೆ ಕಂಡರಷ್ಟೇ ಉರಿಯುವ ದೀಪ ಅದು. ಕತ್ತಲೆಯಲ್ಲಿ ಫ್ಯಾನಿನ ಗುಂಯ್‌ಗುಡುವಿಕೆ ಮಾತ್ರ. ಅವನು ಬೆಚ್ಚಿ ಎರಡೂ ಕೈ ಬೀಸಿದ. ಬೆಳಕು ಬಂದಾಗ ಎದುರಿಗೆ ಕಂಡದ್ದು ಹಿಂದಿನ ಗೋಡೆಯ ಪುಟ್ಟ ಬಾಟಲಿ.

ಅಂಗೈಯಗಲದ ಪ್ಲಾಸ್ಟಿಕ್ ಬಾಟಲಿ, ಒಳಗೆ ಯಾವುದೋ ದ್ರವ, ಅದರೊಳಗೆ ಮುಳುಗಿದ ತಾಪಮಾನದ ತಂತಿ. ಪಕ್ಕದ ಪೆಟ್ಟಿಗೆಯಲ್ಲಿ ಕೆಂಪು ಅಂಕಿ: 4.1. ಅದು ಎಂಟು ದಾಟಿ ಹತ್ತು ನಿಮಿಷ ಅಲ್ಲೇ ನಿಂತರೆ ಅಲಾರಂ ಪಾಳಿಯವರಿಗೆ ಫೋನ್ ಮಾಡುತ್ತದೆ. ಹತ್ತು ನಿಮಿಷಕ್ಕೊಮ್ಮೆ ಮೂರು ಸಲ. ಎತ್ತದಿದ್ದರೆ ಎರಡನೆಯ ನಂಬರಿಗೆ ಮೂರು ಸಲ. ಪಟ್ಟಿಯ ಮೂರನೆಯವರು ಅಕ್ಟೋಬರಿನಲ್ಲಿ ಕೆಲಸ ಬಿಟ್ಟಿದ್ದರು. ಆ ಸಾಲು ಖಾಲಿ.

ಬಾಟಲಿ ಕಳಚಿ, ಅಂಗಿಯ ಗುಂಡಿ ಬಿಚ್ಚಿ, ಬರಿಮೈಗೆ ತಾಗುವಂತೆ ಕಂಕುಳಲ್ಲಿ ಇಟ್ಟುಕೊಂಡ. ಉಸಿರು ಸಿಕ್ಕಿಕೊಂಡಿತು. ಕೈಗಡಿಯಾರದಲ್ಲಿ ಗಂಟೆ ಹತ್ತೂ ಐದು.

ಅಂಕಿ ಏರಿತು. ಐದು. ಆರೂವರೆ. ಆಗ ಫ್ಯಾನು ಜೋರಾಯಿತು. ಇದನ್ನು ಅವನು ಯೋಚಿಸಿರಲಿಲ್ಲ. ಕೋಣೆ ಬಿಸಿಯಾಗುತ್ತಿದೆ ಎಂದು ಯಂತ್ರ ತಿಳಿದುಕೊಂಡಿತ್ತು. ತನ್ನ ಕರ್ತವ್ಯದಂತೆ ಇನ್ನಷ್ಟು ತಣ್ಣನೆಯ ಗಾಳಿ ಊದುತ್ತಿತ್ತು. ಸಹಾಯಕ್ಕೆ ಕೂಗಿದಷ್ಟೂ ಚಳಿ ಹೆಚ್ಚು. ಕೋಣೆಯ ತಾಪಮಾನ ಹೇಳಬೇಕಾದ ಪೆಟ್ಟಿಗೆ ಈಗ ಅವನ ಕಂಕುಳಿನ ತಾಪಮಾನ ಹೇಳುತ್ತಿತ್ತು. ನಿಜವಾದ ಚಳಿ ಎಷ್ಟೆಂದು ತಿಳಿಯುವ ದಾರಿಯೇ ಇರಲಿಲ್ಲ.

ಹತ್ತೂ ಹದಿಮೂರಕ್ಕೆ ಎಂಟು ದಾಟಿತು. ಹತ್ತೂ ಇಪ್ಪತ್ತಮೂರಕ್ಕೆ ಬಾಗಿಲಾಚೆ, ಜಾಕೆಟ್ಟಿನ ಜೇಬಿನಲ್ಲಿ, ಅವನದೇ ಫೋನು ಬಡಿದುಕೊಂಡಿತು. ಪಾಳಿಯವನು ಅವನೇ ತಾನೆ. ತನ್ನನ್ನು ತಾನೇ ಕರೆದು ತಾನೇ ಎತ್ತದೆ ನಿಂತಿದ್ದ. ಊರಿನಲ್ಲಾಗಿದ್ದರೆ ಇದನ್ನು ಹೇಳಿ ನಾಲ್ಕು ದಿನ ನಗಬಹುದಿತ್ತು. ಹತ್ತೂ ಮೂವತ್ತಮೂರಕ್ಕೆ ಮತ್ತೆ. ಹತ್ತೂ ನಲವತ್ತಮೂರಕ್ಕೆ ಮತ್ತೆ.

ಹಲ್ಲು ಕಟಕಟಿಸತೊಡಗಿತ್ತು. ಹತ್ತೂ ನಲವತ್ತೆಂಟಕ್ಕೆ ಬಂದ ಸದ್ದು ಬೇರೆ; ಅದು ಮನೆಯ ಕರೆಗೆಂದು ಇಟ್ಟದ್ದು. ಅಮ್ಮ. ಎತ್ತುವುದಿಲ್ಲವೆಂದು ಗೊತ್ತಿದ್ದೂ ಒಂದು ಸಲ ನೋಡೋಣವೆಂದು ಮಾಡಿದ್ದಾಳೆ. "ಅಮ್ಮಾ!" ಎಂದು ದಪ್ಪ ಬಾಗಿಲಿಗೆ ಬಾಯಿ ಹಚ್ಚಿ ಕಿರುಚಿದ. ಕರೆ ಪೂರ್ತಿ ಹೊಡೆದು ನಿಂತಿತು. ಈಗ ಅಲ್ಲಿ ಅಪ್ಪನಿಗೆ ಹೇಳುತ್ತಿರುತ್ತಾಳೆ: ಎತ್ತಲಿಲ್ಲ, ಆರಾಧನೆಯಲ್ಲಿದ್ದಾನೆ. ಅವನು ಎತ್ತದಿದ್ದದ್ದೇ ಅವಳಿಗೆ ಸಮಾಧಾನ.

ಇನ್ನುಳಿದದ್ದು ಎರಡನೆಯ ನಂಬರು, ಮೇಡಂ ಅವರದು. ಹತ್ತೂ ಐವತ್ತಮೂರು, ಹನ್ನೊಂದೂ ಮೂರು, ಹನ್ನೊಂದೂ ಹದಿಮೂರು. ಪ್ರಸಂಗ ಮುಗಿಯುವುದು ಹನ್ನೊಂದೂವರೆಗೆ. ಆಫ್ ಇದ್ದ ಫೋನಿಗೆ ಬಂದ ಕರೆ ಆಮೇಲೆ ತೋರಿಸುತ್ತದೆಯೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಹಬ್ಬದ ದಿನ ಪ್ರಸಂಗ ಹೊತ್ತಿಗೆ ಮುಗಿದದ್ದುಂಟೇ? ಹುಟ್ಟಿದಾಗಿನಿಂದ ಬೆಂಚಿನ ಮೇಲೆ ಕೂತು ಬೆಳೆದವನಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ವರ್ಷಕ್ಕೊಮ್ಮೆ ಬರುವವರೆಲ್ಲ ಅಂದು ಬಂದಿರುತ್ತಾರೆ. ಸಿಕ್ಕಿದ ಮೀನನ್ನು ಯಾವ ಪಾದ್ರಿ ಬೇಗ ಬಿಡುತ್ತಾರೆ?

ಅಲಾರಮ್ಮನ್ನು ಮತ್ತೆ ಮೊದಲಿನಿಂದ ಶುರುಮಾಡಬಹುದಿತ್ತು. ಅದಕ್ಕೆ ಬಾಟಲಿ ತಣ್ಣಗಾಗಬೇಕು, ಮತ್ತೆ ಬಿಸಿಯಾಗಬೇಕು. ಅಷ್ಟರಲ್ಲಿ ಬಿಸಿ ಮಾಡಲು ತನ್ನ ಮೈಯಲ್ಲಿ ಏನುಳಿದಿರುತ್ತದೆ?

ಮಂಡಿಯೂರಿದ. ಭಕ್ತಿಯಿಂದಲ್ಲ, ಕಾಲು ನಿಲ್ಲಲಿಲ್ಲ. ದೀಪ ಆರಿತು. ಈ ಸಲ ಕೈ ಬೀಸಲಿಲ್ಲ.

ನೆನಪಿಗೆ ಬಂದದ್ದು ಕ್ರಿಸ್ಮಸ್ ಕಥೆಯ ದನದ ಕೊಟ್ಟಿಗೆಯೂ ಅಲ್ಲ, ನಕ್ಷತ್ರವೂ ಅಲ್ಲ. ಅಮ್ಮ ಸಂಡೇ ಸ್ಕೂಲಿನಲ್ಲಿ ಹೇಳುತ್ತಿದ್ದ ಆ ಶಿಷ್ಯ. ಗುರುವನ್ನು ಹಿಡಿದುಕೊಂಡು ಹೋದ ಮೇಲೆ ಅಂಗಳದಲ್ಲಿ ನಿಂತು, ನನಗೆ ಅವರು ಗೊತ್ತಿಲ್ಲ ಎಂದು ಮೂರು ಸಲ ಹೇಳಿದವನು. ಆ ಹೊತ್ತಿನಲ್ಲಿ ಚಳಿ ಇತ್ತು. ಅವನು ಬೆಂಕಿಯ ಮುಂದೆ ಚಳಿ ಕಾಯಿಸಿಕೊಳ್ಳುತ್ತಿದ್ದ. ಅಷ್ಟು ವರ್ಷ ಕೇಳಿದ ಕಥೆಯಲ್ಲಿ ಚಳಿ ಇದ್ದದ್ದನ್ನು ಮರಿ ಗಮನಿಸಿರಲೇ ಇಲ್ಲ. ಆ ಶಿಷ್ಯನಿಗೆ ಪ್ರಾಣಭಯವಿತ್ತು. ತನಗೆ ಟೀ ಕೋಣೆಯಲ್ಲಿ ಯಾವ ಭಯ? ಯಾರೂ ಕತ್ತಿ ಹಿಡಿದಿರಲಿಲ್ಲ. ಎಣಿಸಿದ. ಇಲ್ಲ ಎಂದದ್ದು ಒಂದು, ಎಲ್ಲಾ ದಿನದ ಹಾಗೆ ಎಂದದ್ದು ಎರಡು. ನಕ್ಕದ್ದನ್ನು ಸೇರಿಸಿದರೆ ಮೂರು.

ಈಗ ಯಾವ ಮುಖ ಹೊತ್ತು ಕರೆಯಲಿ? ಸಂಕಟ ಬಂದಾಗ ವೆಂಕಟರಮಣ ಎಂದು ನೆರೆಮನೆಯವರು ಆಡಿಕೊಳ್ಳುತ್ತಿದ್ದದ್ದು ನೆನಪಾಗಿ ನಾಚಿಕೆಯಾಯಿತು. ಅಜ್ಜಿಯಾದರೆ ಗದರುತ್ತಿದ್ದರು: "ಹೆದರಿ ಮಾಡಿದ ಪ್ರಾರ್ಥನೇನೂ ಪ್ರಾರ್ಥನೇನೇ ಕಣೋ. ಮಗು ಅತ್ತರೆ ತಾಯಿ ರಾಗ ನೋಡ್ತಾಳಾ?"

ಬಾಯಿಪಾಠದ ಪ್ರಾರ್ಥನೆ ನಾಲಿಗೆಗೆ ಬಂತು, ಅರ್ಧಕ್ಕೆ ನಿಂತಿತು. ಬದುಕಿಸಿದರೆ ಪಾದ್ರಿಯಾಗುತ್ತೇನೆ ಎನ್ನಲು ಹೊರಟು ತಡೆದ, ಅದೂ ಸುಳ್ಳೇ. ಕೊನೆಗೆ ಕತ್ತಲಿಗೆ ಹೇಳಿದ್ದು ಒಂದೇ ಮಾತು: "ದೇವರೇ, ಆ ಪಾದ್ರಿಗೆ ಪ್ರಸಂಗ ಬೇಗ ಮುಗಿಸೋ ಬುದ್ಧಿ ಕೊಡು."

ಅಷ್ಟೇ. ಹನ್ನೊಂದು ತಿಂಗಳಲ್ಲಿ ಅವನು ಮನಸಾರೆ ಹೇಳಿದ ಮೊದಲ ಪ್ರಾರ್ಥನೆ ಅದು.

ಹನ್ನೊಂದೂ ಹದಿಮೂರು ಬಂತು, ಹೋಯಿತು. ಒಳಗೆ ಏನೂ ತಿಳಿಯಲಿಲ್ಲ. ಕರೆ ಹೋಯಿತೋ, ಯಾರಾದರೂ ಎತ್ತಿದರೋ, ಯಾವ ಗುರುತೂ ಇಲ್ಲ. ಹನ್ನೊಂದೂ ಇಪ್ಪತ್ತು. ಹನ್ನೊಂದೂವರೆ. ಬೆರಳುಗಳು ತನ್ನವಲ್ಲ ಎನ್ನಿಸತೊಡಗಿತು. ಅದಕ್ಕಿಂತ ಹೆದರಿಕೆಯಾದದ್ದು, ನಡುಕ ಕಡಿಮೆಯಾಗುತ್ತಿದ್ದಾಗ. ಅದು ಒಳ್ಳೆಯ ಲಕ್ಷಣವಲ್ಲವೆಂದು ಅವನು ಓದಿದ್ದ. ಎದ್ದು ಕುಣಿದ, ಅಂಕಿಗಳನ್ನು ಜೋರಾಗಿ ಎಣಿಸಿದ, ಮುನ್ನೂರರ ಹತ್ತಿರ ತಪ್ಪಿದ, ಮತ್ತೆ ಒಂದರಿಂದ ಹಿಡಿದ.

ಹನ್ನೊಂದೂ ಐವತ್ತಾರಕ್ಕೆ ಬಾಗಿಲು ತೆರೆಯಿತು.

"ಏನಪ್ಪಾ ಇದು! ಪಾಳಿ ನಿನ್ನದು, ಅಲಾರಂ ನನಗಾ? ಎಲ್ಲಿ ಹಾಳಾಗಿ—"

ಮೇಡಂ ಮಾತು ನಿಲ್ಲಿಸಿದರು. ಮರುಕ್ಷಣ ತಮ್ಮ ಹಬ್ಬದ ಕೋಟು ಕಳಚಿ ಅವನಿಗೆ ಸುತ್ತಿ, ಹೊರಗೆಳೆದು, ಹೀಟರಿನ ಪಕ್ಕ ಕೂರಿಸಿದ್ದರು. ಆಂಬ್ಯುಲೆನ್ಸಿಗೆ ಫೋನ್ ಮಾಡಿದರು. ಆ ಕಡೆಯವರು ಹೇಳಿದಂತೆ ಕೈಕಾಲು ಉಜ್ಜದೆ, ಮೈಗೆ ಸಿಕ್ಕಿದ್ದನ್ನೆಲ್ಲ ಹೊದಿಸಿದರು. ಕಂಕುಳಿನ ಬಾಟಲಿಯನ್ನು ಅವನು ಬಿಡುತ್ತಿರಲಿಲ್ಲ.

"ಬಿಡಪ್ಪಾ. ಸಾಕು, ಬಂದೆನಲ್ಲ."

"ಪ್ರ... ಪ್ರಸಂಗ ಮುಗೀತಾ?" ಎಂದ ಮರಿ.

ತಲೆ ಕೆಟ್ಟಿದೆಯೇ ಎಂಬಂತೆ ಅವರು ಅವನ ಹಣೆ ಮುಟ್ಟಿ ನೋಡಿದರು. "ಪ್ರಸಂಗಾನಾ? ಪಾದ್ರಿಗೆ ನೆಗಡಿ. ಎಂಟು ನಿಮಿಷ ಮಾತಾಡೋ ಹೊತ್ತಿಗೆ ಗಂಟಲೇ ಹೊರಡ್ಲಿಲ್ಲ, ಕೂತ್ಬಿಟ್ರು. ಹನ್ನೊಂದೂ ಹತ್ತಕ್ಕೇ ಬಿಟ್ರು. ಜನಕ್ಕೆ ಹಬ್ಬದ ಮೇಲೆ ಹಬ್ಬ! ಫೋನ್ ಆನ್ ಮಾಡಿ ಇನ್ನೂ ಚೀಲಕ್ಕೆ ಹಾಕಿರ್ಲಿಲ್ಲ, ಬಡ್ಕೊಳ್ತು."

"ನೆಗಡಿ ಯಾವಾಗಿಂದ?"

"ಮೊನ್ನೆಯಿಂದಾನೇ ಕೆಮ್ತಿದ್ರು. ಯಾಕೆ?"

ಮರಿ ಲೆಕ್ಕ ಹಾಕಿದ. ನೆಗಡಿ ಹಿಡಿದದ್ದು ಮೊನ್ನೆ. ಅವನು ಬೇಡಿದ್ದು ಈಗ ಒಂದು ಗಂಟೆಯ ಹಿಂದೆ. ಇದರಿಂದ ಅದಾಯಿತು ಎನ್ನಲು ಆಧಾರವಿಲ್ಲ. ಪರೀಕ್ಷೆಯಲ್ಲಿ ಹಾಗೆ ಬರೆದವನಿಗೆ ಅವನೇ ಸೊನ್ನೆ ಕೊಡುತ್ತಿದ್ದ. ಆದರೂ ಹೀಟರಿನ ಮುಂದೆ ಕೂತವನಿಗೆ ಹೊಸದಾಗಿ ಮೈ ನಡುಗಿತು. ಒಳಗಿದ್ದಾಗ ಇದ್ದದ್ದು ಯಾರಿಗೂ ಕೇಳಿಸುತ್ತಿಲ್ಲ ಎಂಬ ಹೆದರಿಕೆ. ಈಗಿನದು, ಕೇಳಿಸಿದ್ದರೆ ಎಂಬ ಹೆದರಿಕೆ. ಕೇಳಿಸಿದ್ದರೆ ಟೀ ಕೋಣೆಯದೂ ಕೇಳಿಸಿರುತ್ತದೆ.

"ನಿನ್ನ ದೇವರು ಯಾರೋ ಕಾಣೆ, ಗಟ್ಟಿ ಇದ್ದಾನೆ ಕಣಪ್ಪ" ಎಂದರು ಮೇಡಂ.

"ನಿಮ್ಮವನೇ ಮೇಡಂ. ನಾನೂ ಕ್ರೈಸ್ತನೇ. ಹುಟ್ಟಿದಾಗಿನಿಂದ."

ಅವರು ಅವನ ಮುಖವನ್ನೇ ನೋಡಿದರು. "ಮತ್ತೆ ಆವತ್ತು..." ಎಂದರು. ಮುಂದೆ ಕೇಳಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತು ಎನ್ನಿಸಿತು ಅವನಿಗೆ.

"ಅಮ್ಮನಿಗೆ ಫೋನ್ ಮಾಡ್ಬೇಕು" ಎಂದ. ಬೆರಳು ಬಗ್ಗದ್ದರಿಂದ ಮೇಡಂ ತಾವೇ ನಂಬರು ಒತ್ತಿ ಕಿವಿಗೆ ಹಿಡಿದರು.

"ಇಷ್ಟು ಬೇಗ ಮುಗೀತೇನಪ್ಪಾ?" ಅಮ್ಮನ ದನಿಯಲ್ಲಿ ಹಬ್ಬವಿತ್ತು. ಹಿಂದೆ ಯಾರೋ ನಗುತ್ತಿದ್ದರು. "ಪ್ರಸಂಗ ಹೇಗಿತ್ತು?"

ಉತ್ತರ ಬಾಯಲ್ಲೇ ಸಿದ್ಧವಿತ್ತು. ಪಾದ್ರಿಗೆ ನೆಗಡಿಯಮ್ಮ, ಎಂಟೇ ನಿಮಿಷ. ಒಂದಕ್ಷರವೂ ಸುಳ್ಳಲ್ಲ. ಅದು ಎಷ್ಟು ಸಲೀಸಾಗಿ ಬಂದು ನಿಂತಿತ್ತೆಂದರೆ ಅವನಿಗೆ ಭಯವಾಯಿತು.

"ನಾನು ಚರ್ಚಿಗೆ ಹೋಗಿರ್ಲಿಲ್ಲಮ್ಮ. ಹನ್ನೊಂದು ತಿಂಗಳಿಂದ ಹೋಗಿಲ್ಲ."

ಆ ಕಡೆ ನಗು ನಿಂತಿತು. ಅಮ್ಮ ಎದ್ದು ಬೇರೆ ಕೋಣೆಗೆ ಹೋಗುತ್ತಿರುವ ಸದ್ದು ಕೇಳಿಸಿತು, ಬಾಗಿಲು ಹಾಕಿಕೊಂಡಳು.

"ಅದನ್ನ ಆಮೇಲೆ ನೋಡೋಣ" ಎಂದಳು. "ಮೊದ್ಲು ಹೇಳು, ಹಲ್ಲು ಯಾಕೆ ಹಾಗೆ ಕಟಕಟ ಅಂತಿದೆ? ಎಲ್ಲಿದ್ದೀಯ ನೀನು?"